ಗೆದ್ದ ಕೈಯ ಸಂಯಮ: ಕಿತ್ತೂರಿನ ಸೆರೆಯಾಳುಗಳೂ ಒಂದು ವಿಜ್ಞಾನ ಕಥೆಯೂ

ಗೃಹಸ್ಥನ ಬಾಳಿನಲ್ಲಿ ಒದಗುವ ಹಿಂಸೆಯನ್ನು ಜೈನ ಆಚಾರಗ್ರಂಥಗಳು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಅಡಿಗೆ, ಮನೆವಾರ್ತೆಗಳಲ್ಲಿ ಸಂಭವಿಸುವುದು ಆರಂಭಿ ಹಿಂಸೆ. ಒಕ್ಕಲುತನ, ವ್ಯಾಪಾರ ಮೊದಲಾದ ಜೀವನೋಪಾಯಗಳಲ್ಲಿ ಸಂಭವಿಸುವುದು ಉದ್ಯೋಗಿ ಹಿಂಸೆ. ತನ್ನನ್ನೂ ತನ್ನವರನ್ನೂ ನಾಡನ್ನೂ ಕಾಪಾಡಿಕೊಳ್ಳುವಾಗ ಅನಿವಾರ್ಯವಾಗಿ ನಡೆಯುವುದು ವಿರೋಧಿ ಹಿಂಸೆ. ಕೊಲ್ಲಬೇಕೆಂಬ ಬಯಕೆಯಿಂದಲೇ ಕೊಲ್ಲುವುದು ಸಂಕಲ್ಪಿ ಹಿಂಸೆ. ಮೊದಲಿನ ಮೂರನ್ನು ಶ್ರಾವಕನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ನಾಲ್ಕನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಈ ವಿಂಗಡಣೆಯಿಂದಾಗಿಯೇ ಜಿನಭಕ್ತರಾದ ಅರಸರೂ ದಂಡನಾಯಕರೂ ಕತ್ತಿ ಹಿಡಿದು ನಾಡನ್ನು ಕಾಯುವುದು ಸಾಧ್ಯವಾಯಿತು.

ಆದರೆ ವಿರೋಧಿ ಹಿಂಸೆ ಎಲ್ಲಿ ಮುಗಿಯುತ್ತದೆ, ಸಂಕಲ್ಪಿ ಹಿಂಸೆ ಎಲ್ಲಿ ಆರಂಭವಾಗುತ್ತದೆ? ಮೇಲೆ ಬಿದ್ದು ಬರುವ ವೈರಿಯನ್ನು ತಡೆಯುವುದು ಒಂದು ಕಾರ್ಯ. ಆಯುಧ ಕಳಚಿ ಕಾಲಬುಡದಲ್ಲಿ ಬಿದ್ದ ವೈರಿಯನ್ನು ಇರಿಯುವುದು ಬೇರೊಂದು ಕಾರ್ಯ. ಇವೆರಡರ ನಡುವಣ ಅಂತರ ಕೆಲವು ಕ್ಷಣಗಳದು ಮಾತ್ರ. ಆ ಕ್ಷಣಗಳಲ್ಲಿ ಕೋಪ ಇನ್ನೂ ಆರಿರುವುದಿಲ್ಲ, ಕೈ ಇನ್ನೂ ಇಳಿದಿರುವುದಿಲ್ಲ. ಗೆದ್ದವನ ಧರ್ಮಪರೀಕ್ಷೆ ನಡೆಯುವುದು ಅಲ್ಲಿ. ಈ ಪರೀಕ್ಷೆಯನ್ನು 1967ರಲ್ಲಿ ಅಮೆರಿಕದ ಒಂದು ಟೆಲಿವಿಷನ್ ಕಥೆ ಕಲ್ಪನೆಯಲ್ಲಿ ಚಿತ್ರಿಸಿತು. ಅದಕ್ಕೆ 143 ವರ್ಷಗಳ ಮೊದಲೇ ಬೆಳಗಾವಿ ಸೀಮೆಯ ಕಿತ್ತೂರು ಅದನ್ನು ನಿಜದಲ್ಲಿ ಎದುರಿಸಿತ್ತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕಲಿಯಬೇಕಾದ ಪಾಠವೊಂದು ಕಾಣುತ್ತದೆ.

ಕಾಳಗದ ಕಣ

‘ಸ್ಟಾರ್ ಟ್ರೆಕ್’ ಎಂಬ ಮಾಲಿಕೆ 1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾಯಿತು. ಜೀನ್ ರಾಡೆನ್‌ಬೆರಿ ಇದರ ನಿರ್ಮಾತೃ. ನಕ್ಷತ್ರಗಳ ನಡುವೆ ಸಂಚರಿಸುವ ‘ಎಂಟರ್‌ಪ್ರೈಸ್’ ಎಂಬ ನೌಕೆ, ಅದರ ನಾಯಕ ಕರ್ಕ್, ಅವನ ಸಂಗಡಿಗರು ಅದರ ಮುಖ್ಯ ಪಾತ್ರಗಳು. 1967ರ ಜನವರಿ 19ರಂದು ಪ್ರಸಾರವಾದ ಕಂತಿನ ಹೆಸರು ‘ಅರೀನಾ’, ಎಂದರೆ ಕಾಳಗದ ಕಣ.

ಕಥೆ ಸರಳವಾಗಿದೆ. ದೂರದ ಗ್ರಹವೊಂದರಲ್ಲಿದ್ದ ಮಾನವರ ನೆಲೆಯನ್ನು ಯಾರೋ ಸುಟ್ಟು ನಾಶಮಾಡಿದ್ದಾರೆ. ಹಾಗೆ ಮಾಡಿದವರು ಹಲ್ಲಿ, ಮೊಸಳೆಗಳನ್ನು ಹೋಲುವ ‘ಗಾರ್ನ್’ ಎಂಬ ಜೀವಿಗಳು. ಸೇಡಿನ ಕಿಚ್ಚಿನಿಂದ ಕರ್ಕ್ ಅವರ ನೌಕೆಯನ್ನು ಬೆನ್ನಟ್ಟುತ್ತಾನೆ. ಬೆನ್ನಟ್ಟುತ್ತ ಎರಡೂ ನೌಕೆಗಳು ‘ಮೆಟ್ರಾನ್’ ಎಂಬ ಬಲಶಾಲಿಗಳ ಸೀಮೆಯನ್ನು ಪ್ರವೇಶಿಸುತ್ತವೆ. ತಮ್ಮ ಸೀಮೆಯಲ್ಲಿ ಹಿಂಸೆಯನ್ನು ಸಹಿಸದ ಮೆಟ್ರಾನರು ಎರಡು ನೌಕೆಗಳನ್ನೂ ಸ್ತಂಭನಗೊಳಿಸಿ, ಇಬ್ಬರು ನಾಯಕರನ್ನು ಮಾತ್ರ ಒಂದು ಬಂಜರು ಲೋಕದಲ್ಲಿ ಇಳಿಸುತ್ತಾರೆ. ಇಬ್ಬರೇ ಹೋರಾಡಬೇಕು, ಸೋತವನ ನೌಕೆ ಅದರೊಳಗಿನವರೆಲ್ಲರ ಸಮೇತ ನಾಶವಾಗುವುದು ಎಂಬುದು ಅವರ ತೀರ್ಪು.

ಗಾರ್ನ್ ನಾಯಕನ ದೇಹಬಲ ಹೆಚ್ಚು, ಕರ್ಕನ ಚಪಲತೆ ಹೆಚ್ಚು. ಆ ನೆಲದಲ್ಲಿ ದೊರೆತ ಗಂಧಕ, ಪೆಟ್ಲುಪ್ಪು, ಇದ್ದಿಲುಗಳನ್ನು ಬೆರೆಸಿ ಕರ್ಕ್ ಮದ್ದು ತಯಾರಿಸುತ್ತಾನೆ. ಬಿದಿರಿನ ಕೊಳವೆಯಲ್ಲಿ ಅದನ್ನು ತುಂಬಿ, ವಜ್ರದ ಹರಳುಗಳನ್ನು ಗುಂಡುಗಳನ್ನಾಗಿಸಿ ಹಾರಿಸುತ್ತಾನೆ. ಗಾರ್ನ್ ಗಾಯಗೊಂಡು ಬೀಳುತ್ತಾನೆ. ವೈರಿಯದೇ ಚೂರಿಯನ್ನು ಎತ್ತಿ ಕರ್ಕ್ ಅವನ ಕೊರಳಿಗೆ ಹಿಡಿಯುತ್ತಾನೆ. ಆದರೆ ಇರಿಯುವುದಿಲ್ಲ. ಆ ನೆಲೆ ತಮ್ಮ ಸೀಮೆಯ ಮೇಲಿನ ಅತಿಕ್ರಮಣವಾಗಿತ್ತೆಂದು ಗಾರ್ನ್ ಕಾಳಗದ ನಡುವೆ ಹೇಳಿದ್ದನು. ಈ ವೈರಿಯೂ ತನ್ನ ನಾಡನ್ನು ಕಾಯುವೆನೆಂದೇ ಭಾವಿಸಿರಬಹುದೆಂದು ಕರ್ಕನಿಗೆ ಹೊಳೆಯುತ್ತದೆ. ಅವನು ಚೂರಿಯನ್ನು ಬಿಸುಡುತ್ತಾನೆ. ಆಗ ಪ್ರತ್ಯಕ್ಷನಾದ ಮೆಟ್ರಾನ್, ಇಂಥ ಕರುಣೆಯನ್ನು ತಾನು ನಿರೀಕ್ಷಿಸಿರಲಿಲ್ಲವೆಂದು ಮೆಚ್ಚಿ ಎಲ್ಲರನ್ನೂ ಉಳಿಸುತ್ತಾನೆ.

ಈ ಕಂತಿನ ಹಿಂದಿನ ಇತಿಹಾಸ ಇನ್ನಷ್ಟು ಗಮನಾರ್ಹವಾಗಿದೆ. ಫ್ರೆಡ್ರಿಕ್ ಬ್ರೌನ್ ಎಂಬ ಅಮೆರಿಕದ ಲೇಖಕನು ‘ಅರೀನಾ’ ಎಂಬ ಇದೇ ಹೆಸರಿನ ಕಥೆಯನ್ನು 1944ರಲ್ಲಿ ಪ್ರಕಟಿಸಿದ್ದನು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲವದು. ಆ ಕಥೆಯಲ್ಲಿ ಮನುಷ್ಯನು ವೈರಿಯನ್ನು ಕೊಲ್ಲುತ್ತಾನೆ. ವೈರಿಯ ನೌಕಾಬಲವೆಲ್ಲ ಕ್ಷಣದಲ್ಲಿ ನಾಶವಾಗುತ್ತದೆ. ಜೀನ್ ಕೂನ್ ಎಂಬ ಚಿತ್ರಕಥಾ ಲೇಖಕನು 1967ರ ಕಂತಿನಲ್ಲಿ ಅಂತ್ಯವನ್ನು ತಿರುಗಿಸಿದನು. ಕಣ ಅದೇ, ಇಬ್ಬರ ಕಾಳಗವೂ ಅದೇ. ಬದಲಾದದ್ದು ಗೆದ್ದವನ ಕೈ ಒಂದೇ.

ಪುರಾಣದ ಕಣ

ಜೈನ ಮನೆತನಗಳಲ್ಲಿ ಬೆಳೆದವರಿಗೆ ಈ ಕಥೆಯನ್ನು ಕೇಳಿದೊಡನೆ ಭರತ-ಬಾಹುಬಲಿಯರ ನೆನಪಾಗುವುದು ಸಹಜ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯೂ, 941ರಲ್ಲಿ ಪಂಪನು ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಈ ಪ್ರಸಂಗ ಬರುತ್ತದೆ. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ವಿವೇಕದ ಮಾತನಾಡಿದರು. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅವರಿಗೆ ಸಾವಿನ ಭಯವಿಲ್ಲ. ಅಳಿಯುವವರು ಅಮಾಯಕ ಸೈನಿಕರು. ಆದುದರಿಂದ ಇಬ್ಬರೇ ಹೋರಾಡಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಏರ್ಪಟ್ಟವು. ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದರೂ ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತನು ರೋಷದಿಂದ ಚಕ್ರವನ್ನು ಪ್ರಯೋಗಿಸಿದಾಗಲೂ ಬಾಹುಬಲಿ ಮರಳಿ ಹೊಡೆಯಲಿಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಡೆದನು.

ಎರಡು ಕಥೆಗಳ ನಡುವೆ ಒಂದು ಭೇದವೂ ಇದೆ. ಟೆಲಿವಿಷನ್ ಕಥೆಯಲ್ಲಿ ಸಾಮೂಹಿಕ ಯುದ್ಧವನ್ನು ತಡೆದವರು ಹೊರಗಿನ ಬಲಶಾಲಿಗಳು. ಕೊನೆಯಲ್ಲಿ ಕರುಣೆಗೆ ಬಹುಮಾನ ಕೊಡುವವರೂ ಅವರೇ. ಪುರಾಣದಲ್ಲಿ ಯುದ್ಧವನ್ನು ತಡೆದದ್ದು ಎರಡೂ ಪಕ್ಷಗಳ ಮಂತ್ರಿಗಳ ವಿವೇಕ. ಬಾಹುಬಲಿಗೆ ಬಹುಮಾನ ಕೊಡಲು ಯಾರೂ ಇಳಿದು ಬರಲಿಲ್ಲ. ಇತಿಹಾಸದಲ್ಲಾದರೋ ತಡೆಯುವ ಬಲಶಾಲಿಗಳಿರುವುದಿಲ್ಲ. ಮಂತ್ರಿಗಳ ವಿವೇಕವೂ ಎಲ್ಲ ಕಾಲಕ್ಕೂ ಒದಗುವುದಿಲ್ಲ. ಅಲ್ಲಿ ಕರುಣೆಯ ಗತಿಯೇನು ಎಂಬುದಕ್ಕೆ ಕಿತ್ತೂರಿನ ಸಂಗತಿ ಸಾಕ್ಷಿಯಾಗಿದೆ.

1824ರ ಕಿತ್ತೂರು

ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಮಾಸ್ತಮರಡಿಯ ಬಾಲಕನನ್ನು ದತ್ತಕ ತೆಗೆದುಕೊಂಡಿದ್ದನು. ಧಾರವಾಡದಲ್ಲಿದ್ದ ಕಂಪನಿಯ ಕಲೆಕ್ಟರ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿಗೆ ಬಂದು ಭಂಡಾರಕ್ಕೆ ಮುದ್ರೆ ಹಾಕಿಸಿದನು. ಮಲ್ಲಸರ್ಜನ ವಿಧವೆ ರಾಣಿ ಚೆನ್ನಮ್ಮನೂ ಸರದಾರ ಗುರುಸಿದ್ದಪ್ಪನೂ ಇದನ್ನು ಪ್ರತಿಭಟಿಸಿದರು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು. ತೋಪುಗಳಿಂದ ಬಾಗಿಲನ್ನು ಒಡೆಯಿಸಲು ಥ್ಯಾಕರೆ ಸಿದ್ಧನಾದಾಗ, ಒಳಗಿನಿಂದ ಕಿತ್ತೂರಿನ ಸೈನಿಕರು ಪ್ರವಾಹದಂತೆ ಹೊರಬಂದರು. ಥ್ಯಾಕರೆ ಗುಂಡಿಗೆ ಬಲಿಯಾದನು. ಇತರ ಕೆಲವು ಅಧಿಕಾರಿಗಳೂ ಸಿಪಾಯಿಗಳೂ ಮಡಿದರು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿಯವರೆಗೆ ನಡೆದದ್ದು ವಿರೋಧಿ ಹಿಂಸೆ. ಬಾಗಿಲಿಗೆ ತೋಪು ಹಚ್ಚಿದವನನ್ನು ಎದುರಿಸಿದ್ದು ಅದು.

ಆ ದಿನ ಥ್ಯಾಕರೆಯ ಇಬ್ಬರು ಸಹಾಯಕರು, ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್, ಕಿತ್ತೂರಿನವರ ಕೈಗೆ ಸಿಕ್ಕಿದರು. 1803ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಎಲಿಯಟ್ಟನಿಗೆ ಆಗ 21 ವರ್ಷ. ಹೊರಗೆ ಕಿತ್ತೂರಿನವರ ಹೆಣಗಳೂ ಬಿದ್ದಿದ್ದವು. ಕೋಪಕ್ಕೆ ಕಾರಣಗಳ ಕೊರತೆಯಿರಲಿಲ್ಲ. ಆದರೂ ಇಬ್ಬರೂ ಸುಮಾರು ಆರು ವಾರ ಸೆರೆಯಲ್ಲಿ ಜೀವಂತವಾಗಿ ಉಳಿದರು.

ಈ ಸಂಯಮವನ್ನು ಶುದ್ಧ ಅಹಿಂಸೆಯೆಂದು ಹೊಗಳುವುದು ಸತ್ಯಕ್ಕೆ ದೂರವಾದೀತು. ಸೆರೆಯಾಳುಗಳು ಸಂಧಾನಕ್ಕೆ ಉಪಯೋಗವಾದಾರೆಂಬ ಲೆಕ್ಕಾಚಾರ ಅದರಲ್ಲಿತ್ತು. ಅವರ ಪ್ರಾಣಕ್ಕೆ ಅಪಾಯವೆಂಬ ಭಯ ಕಂಪನಿಯವರನ್ನು ಕಾಡುತ್ತಿತ್ತು. ಆ ಭಯವೇ ಕಿತ್ತೂರಿಗೆ ಒಂದು ಬಲವಾಗಿತ್ತು. ಆದರೆ ಮುಂದೆ ನಡೆದದ್ದನ್ನು ಗಮನಿಸಬೇಕು. ಕಮಿಷನರ ಚಾಪ್ಲಿನ್ನನ ಕಡೆಯಿಂದ ಬಂದ ಮಾತುಕತೆಯ ಫಲವಾಗಿ, ಡಿಸೆಂಬರ್ ಮೊದಲ ವಾರದ ದಾಳಿಗೆ ಮುನ್ನವೇ ಇಬ್ಬರನ್ನೂ ಬಿಟ್ಟುಕಳುಹಿಸಲಾಯಿತು. ಕಂಪನಿಯ ದೊಡ್ಡ ದಂಡು ಕೋಟೆಯ ಮುಂದೆ ಬಂದು ನಿಂತಿದ್ದಾಗ, ಕೈಯಲ್ಲಿದ್ದ ಒತ್ತೆಯನ್ನು ಕಿತ್ತೂರು ಬಿಟ್ಟುಕೊಟ್ಟಿತು. ಸೋಲು ಸಮೀಪಿಸಿದಾಗ ಸೆರೆಯಾಳುಗಳನ್ನು ಕೊಂದು ಸೇಡು ತೀರಿಸಿಕೊಂಡ ನಿದರ್ಶನಗಳು ಜಗತ್ತಿನ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಕಿತ್ತೂರು ಆ ಸಾಲಿಗೆ ಸೇರಲಿಲ್ಲ.

ಇದಕ್ಕೆ ಪ್ರತಿಫಲವೇನಾದರೂ ದೊರೆಯಿತೇ? ಇಲ್ಲ. ತೋಪುಗಳು ಗರ್ಜಿಸಿದವು, ಕೋಟೆ ಬಿತ್ತು, ಸಂಸ್ಥಾನ ಕಂಪನಿಯ ವಶವಾಯಿತು. ದಾಳಿಯಲ್ಲಿ ಸೊಲ್ಲಾಪುರದ ಉಪ ಕಲೆಕ್ಟರ ಮನ್ರೋ ಗಾಯಗೊಂಡು ಸತ್ತನು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಸೆರೆಯಾಳುಗಳನ್ನು ಬಿಟ್ಟುಕೊಟ್ಟವಳಿಗೆ ಬಿಡುಗಡೆ ದೊರೆಯಲಿಲ್ಲ. ನಾಲ್ಕು ವರ್ಷಗಳಿಗೂ ಮಿಕ್ಕಿ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ಆಕೆ ಅಲ್ಲಿಯೇ ಕೊನೆಯುಸಿರೆಳೆದಳು. ಆಕೆಗಾಗಿ ಮತ್ತೆ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಕಥೆಯಲ್ಲಿದ್ದಂತೆ ಆಕಾಶದಿಂದ ಯಾರೂ ಇಳಿದು ಬಂದು ಮೆಚ್ಚಲಿಲ್ಲ.

1858ರ ಸುರೇಬಾನ

ಕರುಣೆ ತೋರಿ ಕಿತ್ತೂರು ಏನನ್ನೂ ಗಳಿಸಲಿಲ್ಲವಾದರೆ, ತೋರದಿದ್ದರೆ ಏನಾದರೂ ಲಾಭವಿತ್ತೇ ಎಂಬ ಪ್ರಶ್ನೆ ಏಳಬಹುದು. ಇದಕ್ಕೂ ಅದೇ ಸೀಮೆಯಲ್ಲಿ ಉತ್ತರವಿದೆ. ಕಿತ್ತೂರಿನ ಪ್ರಸಂಗ ನಡೆದು 34 ವರ್ಷಗಳ ಮೇಲೆ ನರಗುಂದದ ದೊರೆ ಭಾಸ್ಕರರಾವ ಬಾಬಾಸಾಹೇಬನಿಗೂ ದತ್ತಕದ ಹಕ್ಕನ್ನು ಬ್ರಿಟಿಷರು ನಿರಾಕರಿಸಿದರು. ನೋವು ಅದೇ, ಅನ್ಯಾಯವೂ ಅದೇ. ರಾಮದುರ್ಗದ ಸಂಸ್ಥಾನಿಕನು ಬಾಬಾಸಾಹೇಬನಿಗೆ ಮಲಸಹೋದರನಾಗಬೇಕು. ರಾಜಕೀಯ ಅಧಿಕಾರಿ ಮ್ಯಾನ್‌ಸನ್ ರಾಮದುರ್ಗಕ್ಕೆ ಬಂದು, ಅಲ್ಲಿಂದ ಹೊರಟು ಸುರೇಬಾನದಲ್ಲಿ ಬಿಡಾರ ಮಾಡಿದ್ದನು. 1858ರ ಮೇ 29ರ ರಾತ್ರಿ ನರಗುಂದದ ದಂಡು ಆ ಬಿಡಾರದ ಮೇಲೆ ಬಿದ್ದು ಅವನನ್ನು ಕೊಂದಿತು. ಅವನ ತಲೆಯನ್ನು ನರಗುಂದಕ್ಕೆ ಒಯ್ದು ಊರಬಾಗಿಲಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಎರಡು ಘಟನೆಗಳ ನಡುವಣ ಅವಧಿ ಎರಡು ವಾರ ಮಾತ್ರ.

ಬಾಬಾಸಾಹೇಬನ ಸ್ವಾತಂತ್ರ್ಯಾಭಿಮಾನವನ್ನು ಕೀಳುಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಅವನನ್ನು ಆ ದಾರಿಗೆ ದೂಡಿದವರ ಹೊಣೆ ದೊಡ್ಡದು. ಆದರೆ ಎರಡು ಸಂಸ್ಥಾನಗಳ ಗತಿಯನ್ನು ಹೋಲಿಸಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ವೈರಿಯನ್ನು ಉಳಿಸಿದ ಕಿತ್ತೂರೂ ಅಳಿಯಿತು, ಕೊಂದ ನರಗುಂದವೂ ಅಳಿಯಿತು. ರಾಜ್ಯದ ಲಾಭನಷ್ಟದ ತಕ್ಕಡಿಯಲ್ಲಿ ಕರುಣೆಯೂ ತೂಗಲಿಲ್ಲ, ಕ್ರೌರ್ಯವೂ ತೂಗಲಿಲ್ಲ. ಆದುದರಿಂದ ‘ಕ್ಷಮಿಸಿದರೆ ನಮಗೇನು ದೊರೆಯುತ್ತದೆ’ ಎಂಬ ಪ್ರಶ್ನೆಯಿಂದ ಕ್ಷಮೆಯನ್ನು ಅಳೆಯುವುದು ತಪ್ಪು. ಕ್ಷಮೆ ಒಂದು ವ್ಯಾಪಾರವಲ್ಲ.

ಉಳಿದ ಜೀವ ಮಾಡಿದ ಕೆಲಸ

ಹಾಗಾದರೆ ಉಳಿಸಿದ ಜೀವ ವ್ಯರ್ಥವಾಯಿತೇ? ಎಲಿಯಟ್ಟನ ಮುಂದಿನ ಬಾಳು ಇದಕ್ಕೆ ಉತ್ತರ ನೀಡುತ್ತದೆ. ಕಿತ್ತೂರಿನಿಂದ ಬಿಡುಗಡೆಯಾದ ಮೇಲೆ ಅವನು 1833ರವರೆಗೆ ಇದೇ ದಕ್ಷಿಣ ಮರಾಠಾ ಸೀಮೆಯಲ್ಲಿ ಕೆಲಸ ಮಾಡಿದನು. ಕಚೇರಿಯ ಕೆಲಸದ ಜೊತೆಗೆ ಊರೂರು ತಿರುಗಿ ಶಿಲಾಶಾಸನಗಳನ್ನು ಹುಡುಕಿದನು. ಹಳಗನ್ನಡ ಬಲ್ಲ ಪಂಡಿತರ ನೆರವಿನಿಂದ ಅವುಗಳ ಪ್ರತಿ ಮಾಡಿಸಿದನು. ಹೀಗೆ ಕೂಡಿದ ಕರ್ನಾಟಕ ದೇಶದ ಶಾಸನಗಳ ಪ್ರತಿಗಳು 600ಕ್ಕೆ ಸಮೀಪ. ಇವುಗಳ ಆಧಾರದಿಂದ ಅವನು ಬರೆದ ಪ್ರಬಂಧ 1830ರ ದಶಕದಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಾಲುಕ್ಯರೇ ಮೊದಲಾದ ಕನ್ನಡ ನಾಡಿನ ರಾಜವಂಶಗಳ ಚರಿತ್ರೆಯನ್ನು ಶಾಸನಗಳಿಂದ ಕಟ್ಟಿದ ಮೊದಲ ಪ್ರಯತ್ನಗಳಲ್ಲಿ ಅದು ಒಂದು.

ಅವನ ತರುವಾಯ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆಯುವಾಗ ಎಲಿಯಟ್ಟನ ಸಂಗ್ರಹವನ್ನು ಮತ್ತೆ ಮತ್ತೆ ಆಧರಿಸಿದನು. ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದವನೂ ಫ್ಲೀಟನೇ. ಇಂದು ಸವದತ್ತಿಯ ಜೈನ ಚರಿತ್ರೆಯ ಬಗೆಗೆ ತಿಳಿದಿರುವುದರಲ್ಲಿ ಬಹುಭಾಗ ಆ ಶಾಸನಗಳಿಂದ ಬಂದುದು.

ಆ ಚರಿತ್ರೆ ಹೆಮ್ಮೆಪಡತಕ್ಕದ್ದು. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಾಷ್ಟ್ರಕೂಟರ ಸಾಮಂತರಾಗಿ ಏಳಿಗೆಗೆ ಬಂದ ರಟ್ಟರು ಇಲ್ಲಿಂದ ಆಳಿದರು. ಆ ವಂಶದ ಪೃಥ್ವೀರಾಮನು ಇಂದ್ರಕೀರ್ತಿಸ್ವಾಮಿಗಳ ಶಿಷ್ಯನಾಗಿ ಸುಗಂಧವರ್ತಿಯಲ್ಲಿ ಜಿನಾಲಯ ಕಟ್ಟಿಸಿದನು. 980ರಲ್ಲಿ ಶಾಂತಿವರ್ಮನು ಅಲ್ಲಿ ಇನ್ನೊಂದು ಜಿನಾಲಯ ಕಟ್ಟಿಸಿ 150 ಮತ್ತರು ಭೂಮಿಯನ್ನು ದಾನಮಾಡಿದನು. ಆ ಶಾಸನದಲ್ಲಿ ಯಾಪನೀಯ ಸಂಘದ ಕಂಡೂರು ಗಣದ ಮುನಿಗಳ ಹೆಸರುಗಳಿವೆ. ಅವರಲ್ಲಿ ಒಬ್ಬರ ಹೆಸರು ಬಾಹುಬಲಿದೇವರು. ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು ಸರಿಸುಮಾರು ಅದೇ ಕಾಲದಲ್ಲಿ. ಮುಂದೆ ರಟ್ಟರ ರಾಜಧಾನಿ ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ ಹೋಯಿತು. ಅಲ್ಲಿ 1204ರಲ್ಲಿ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ರಟ್ಟ ಜಿನಾಲಯವನ್ನು ಕಟ್ಟಿಸಿದನು. ಕೋಟೆಯೊಳಗಿನ ಕಮಲ ಬಸದಿ ಅವನ ಕಾಲದ ನೆನಪನ್ನು ಇಂದಿಗೂ ಉಳಿಸಿದೆ. ಕತ್ತಿ ಹಿಡಿದು ನಾಡನ್ನು ಕಾದ ಈ ಅರಸರು ಕೊಲ್ಲದ ಧರ್ಮಕ್ಕೆ ಮನೆ ಕಟ್ಟಿಸಿದರು. ವಿರೋಧಿ ಹಿಂಸೆಗೂ ಸಂಕಲ್ಪಿ ಹಿಂಸೆಗೂ ನಡುವಣ ಗೆರೆಯ ಮೇಲೆಯೇ ಅವರ ಬಾಳು ನಡೆದಿತ್ತು.

ಎಲಿಯಟ್ಟನನ್ನು ಪುಣ್ಯಪುರುಷನೆಂದು ಪೂಜಿಸಬೇಕಾಗಿಲ್ಲ. ಅವನು ಕಂಪನಿಯ ಅಧಿಕಾರಿಯೇ ಆಗಿದ್ದನು. 1845ರಲ್ಲಿ ಅವನು ಅಮರಾವತಿಯ ಬೌದ್ಧ ಸ್ತೂಪದಿಂದ ಅಗೆದು ತೆಗೆಸಿದ ಶಿಲ್ಪಗಳು ಮದರಾಸಿಗೆ ಹೋಗಿ, ಅಲ್ಲಿಂದ ಲಂಡನ್ನನ್ನು ಸೇರಿದವು. ಅವನು ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥ ಬರೆದನು, ಈ ಸೀಮೆಯ ಪ್ರಾಣಿಗಳ ಪಟ್ಟಿಯನ್ನು ಸಿದ್ಧಪಡಿಸಿದನು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡನು. ಗುಣದೋಷಗಳೆರಡೂ ಇದ್ದ ಒಬ್ಬ ಮನುಷ್ಯ, ಅಷ್ಟೆ. ಆದರೆ 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಒಬ್ಬ ಸೈನಿಕನ ಕತ್ತಿ ಕೆಳಗಿಳಿಯದೆ ಹೋಗಿದ್ದರೆ ಆ ಶಾಸನಸಂಗ್ರಹ ಇರುತ್ತಿರಲಿಲ್ಲ. ಅವನನ್ನು ಉಳಿಸಿದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವುದು ಸಾಧ್ಯವೂ ಇರಲಿಲ್ಲ. ಅವರ ಕಣ್ಣಿಗೆ ಕಂಡದ್ದು ನಾಡನ್ನು ಕಸಿಯಲು ಬಂದ ಅಧಿಕಾರಿಯ ಒಬ್ಬ ಎಳೆಯ ಸಹಾಯಕ ಮಾತ್ರ.

ಒಂದು ಜೀವವನ್ನು ತೆಗೆಯುವವನು ಆ ಜೀವ ಮುಂದೆ ಮಾಡಬಹುದಾಗಿದ್ದ ಎಲ್ಲವನ್ನೂ ತೆಗೆದಂತಾಗುತ್ತದೆ. ಆ ಲೆಕ್ಕವನ್ನು ಮುಂಗಂಡು ಹೇಳಬಲ್ಲವರು ಯಾರೂ ಇಲ್ಲ. ಹೇಳಲಾಗದ ಕಾರಣದಿಂದಲೇ ತಡೆದ ಕೈಗೆ ಬೆಲೆ. ಕರ್ಕನು ಗಾರ್ನನನ್ನು ಉಳಿಸಿದ್ದು ಮೆಟ್ರಾನರು ಮೆಚ್ಚುವರೆಂದಲ್ಲ. ಕೊಲ್ಲದಿದ್ದರೆ ತನ್ನ ನೌಕೆಯೇ ಅಳಿಯಬಹುದೆಂದು ಅವನಿಗೆ ತಿಳಿದಿತ್ತು. ಬಹುಮಾನ ಬಂದದ್ದು ಅನಂತರ. ಕಿತ್ತೂರಿಗೆ ಅದು ಬರಲೇ ಇಲ್ಲ. ಆದರೂ ಎರಡೂ ಕಡೆ ಕೈ ತಡೆದ ಕ್ಷಣದ ಮೌಲ್ಯ ಒಂದೇ.

ಇಂದಿನ ಕಣಗಳು

ಇಂದು ಶ್ರಾವಕ ಮನೆತನಗಳಲ್ಲಿ ಕತ್ತಿಗಳಿಲ್ಲ. ಆದರೆ ಕಣಗಳಿವೆ. ಅಣ್ಣತಮ್ಮಂದಿರ ಹೊಲದ ಪಾಲು, ಪಾಲುದಾರರ ಲೆಕ್ಕ, ಬಸದಿಯ ಆಡಳಿತದ ತಕರಾರು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲೇರಿ, ಒಂದು ದಿನ ಒಬ್ಬನ ಪರವಾಗಿ ತೀರ್ಪು ಬರುತ್ತದೆ. ಅದುವರೆಗೆ ನಡೆದದ್ದು ಹಕ್ಕಿನ ರಕ್ಷಣೆಯಾಗಿರಬಹುದು. ತೀರ್ಪಿನ ಕಾಗದ ಕೈಗೆ ಬಂದ ಮೇಲೆ ಸೋತವನ ಮನೆಯ ಪಾತ್ರೆಪಗಡವನ್ನು ಬೀದಿಗೆ ಹಾಕಿಸುವುದೇ, ಮದುವೆಮುಂಜಿಗಳಲ್ಲಿ ಅವನನ್ನು ಹೊರಗಿಡುವುದೇ, ಅವನ ಮಕ್ಕಳಿಗೂ ಆ ಹಗೆಯನ್ನು ದಾಟಿಸುವುದೇ ಎಂಬುದು ಗೆದ್ದವನ ಕೈಯಲ್ಲಿರುತ್ತದೆ. ಅಲ್ಲಿಂದ ಮುಂದಿನದು ರಕ್ಷಣೆಯಲ್ಲ, ಸಂಕಲ್ಪ.

ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಗೆ ಮೊದಲ ಸ್ಥಾನ. ಪರ್ವದ ಕೊನೆಗೆ ಕ್ಷಮಾವಾಣಿಯ ದಿನ ಎಲ್ಲರೂ ಎಲ್ಲರ ಕ್ಷಮೆ ಬೇಡುತ್ತಾರೆ. ಸರಿಸಮಾನರ ನಡುವೆ ಇದು ಸುಲಭ. ಗೆದ್ದವನು ಸೋತವನ ಮನೆಬಾಗಿಲಿಗೆ ಹೋಗಿ ಆ ಮಾತು ಆಡಿದಾಗ ಅದಕ್ಕೆ ಪೂರ್ಣವಾದ ಅರ್ಥ ಬರುತ್ತದೆ.

ಬಸದಿಗಳ ಆಡಳಿತ ನೋಡುವ ಟ್ರಸ್ಟುಗಳಿಗೆ ಈ ಚರಿತ್ರೆಯಿಂದ ಇನ್ನೊಂದು ಹೊಣೆಯೂ ಸಲ್ಲುತ್ತದೆ. ಸೆರೆಯಿಂದ ಉಳಿದುಬಂದ ಒಬ್ಬ ಪರದೇಶದವನು ಯಾವ ಕಲ್ಲುಗಳನ್ನು ಹುಡುಕಿಕೊಂಡು ತಿರುಗಿದನೋ ಅಂಥ ಕಲ್ಲುಗಳು ಈ ಸೀಮೆಯ ಊರುಗಳಲ್ಲಿ ಇನ್ನೂ ಇವೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಅವುಗಳಿಗೆ ಸುಣ್ಣವನ್ನೋ ಎಣ್ಣೆಬಣ್ಣವನ್ನೋ ಬಳಿದರೆ, ಮೆಟ್ಟಿಲಿಗೆ ಹಾಸಿದರೆ, ಪೂರ್ವಜರ ದಾನದ ಮಾತು ಅಳಿಸಿಹೋಗುತ್ತದೆ. ಅವುಗಳನ್ನು ತೊಳೆದು ನೆರಳಿನಲ್ಲಿ ನಿಲ್ಲಿಸಿ, ಓದಬಲ್ಲವರಿಂದ ಓದಿಸಿ, ಪ್ರತಿ ಮಾಡಿಸಿ ಇಡುವುದು ಕಷ್ಟದ ಕೆಲಸವಲ್ಲ.

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಯಿದೆ. ಅಲ್ಲಿಗೆ ಹೋದವರು ಆಕೆಯ ಶೌರ್ಯವನ್ನು ಸ್ಮರಿಸಿ ಕೈಮುಗಿಯುತ್ತಾರೆ, ಅದು ಯೋಗ್ಯವೇ. ಗೆದ್ದ ದಿನ ಕೈಗೆ ಸಿಕ್ಕ ಇಬ್ಬರನ್ನು ಕೊಲ್ಲದೆ ಉಳಿಸಿದ ಆಕೆಯ ಮನೆತನದ ಸಂಯಮವನ್ನೂ ಆ ಹೊತ್ತಿನಲ್ಲಿ ನೆನೆಯುವುದು ಇನ್ನೂ ಯೋಗ್ಯ.